ಹೊಂಬಾಳಮ್ಮ ಮೇಳಿ ಹಿಡಿದದ್ದು

ಗೆಜ್ಜಲಗೆರೆಯ ಹೊಂಬಾಳಮ್ಮನಿಗೆ ಹದಿನೈದು ತುಂಬುವ ಹೊತ್ತಿಗೆ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಮನೆಯಲ್ಲಿ ಉಳಿದದ್ದು ಅವಳು, ಅವ್ವ ಚಿಕ್ಕನಂಜಮ್ಮ, ಒಂದು ಜೊತೆ ಎತ್ತು, ಕಾಲುವೆ ಕೆಳಗಿನ ಗದ್ದೆ. ಕಾಲುವೆ ಬರುವ ಮುಂಚೆ ಆ ಭೂಮಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಹುರುಳಿ ಚೆಲ್ಲಿ, ಬಂದಷ್ಟು ಬರಲಿ ಅಂತ ಬಿಡುವ ಕಲ್ಲುಭೂಮಿ ಅದು. ನೀರು ಹರಿದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಎಲ್ಲರಿಗಿಂತ ಮೊದಲು ದೊಡ್ಡಪ್ಪ ಕರಿಸಿದ್ದಯ್ಯನದು.

"ಗಂಡು ದಿಕ್ಕಿಲ್ಲದ ಮನೆ. ಎತ್ತಿಗೆ ಆರು ಕಟ್ಟಿ ಉಳೋರ್ಯಾರು? ಗದ್ದೆ ನನಗೆ ಬುಡು, ನಿಮ್ಮಿಬ್ಬರಿಗೆ ಉಣ್ಣೋವಷ್ಟು ಬತ್ತ ನಾನು ಕೊಡ್ತೀನಿ" ಅಂತ ಅವನು ಬಂದಾಗಲೆಲ್ಲ ಹೇಳುತ್ತಿದ್ದ. ಚಿಕ್ಕನಂಜಮ್ಮ ಹೂಂ ಅನ್ನಲಿಲ್ಲ. ಕೂಲಿಗೆ ಉಳುತ್ತಿದ್ದ ತಿಮ್ಮಯ್ಯ ಇದ್ದಕ್ಕಿದ್ದ ಹಾಗೆ ಬರುವುದನ್ನು ನಿಲ್ಲಿಸಿದ. ಯಾರು ತಡೆದರು ಅಂತ ಅವ್ವ ಮಗಳು ಇಬ್ಬರಿಗೂ ಗೊತ್ತಿತ್ತು.

ಹೊಂಬಾಳಮ್ಮನನ್ನು ಓದಿಗೆ ಹಾಕಿದ್ದು ಅಪ್ಪ. ದಿನಾ ನಡೆದೇ ಮದ್ದೂರಿನ ಹೈಸ್ಕೂಲಿಗೆ ಹೋಗಿ ಬರುತ್ತಿದ್ದಳು. ಸಾವಿರದ ಒಂಬೈನೂರ ನಲವತ್ಮೂರರ ಮುಂಗಾರಿನಲ್ಲಿ ಆ ಶಾಲೆಗೆ ಹೊಸದಾಗಿ ವ್ಯವಸಾಯದ ತರಗತಿ ಬಂತು. ಯುದ್ಧದ ಕಾಲ, ಅಕ್ಕಿಗೆ ಪರದಾಟ. ಹುಡುಗರಿಗೆ ಬೇಸಾಯ ಕಲಿಸಬೇಕು ಅಂತ ಮೇಲಿನವರ ಆಸೆ. "ಮಣ್ಣು ಕೆರೆಯಕ್ಕೆ ಇಸ್ಕೂಲಿಗೆ ಕಳಿಸ್ಬೇಕಾ?" ಅಂತ ಹುಡುಗರ ಅಪ್ಪಂದಿರು ಗೊಣಗಿದರು. ಹೆಣ್ಣುಮಕ್ಕಳಿಗೆ ಹೊಲಿಗೆ ಅಂತಾಯಿತು.

ಹೊಂಬಾಳಮ್ಮ ಹೆಡ್‌ಮಾಸ್ತರರ ಮುಂದೆ ಹೋಗಿ ನಿಂತಳು. "ನನ್ನನ್ನು ವ್ಯವಸಾಯಕ್ಕೆ ಹಾಕಿ ಸಾರ್."

"ಹೆಣ್ಣುಮಕ್ಕಳಿಗೆ ಹೊಲಿಗೆ ಅಂತ ಹೇಳಿದ್ದೀನಲ್ಲ."

"ಹೊಲಿಗೆ ನಮ್ಮವ್ವ ಹೇಳಿಕೊಡ್ತಾಳೆ ಸಾರ್. ಉಳುಮೆ ಹೇಳಿಕೊಡಕ್ಕೆ ಅಪ್ಪ ಇಲ್ಲ."

ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಕಾದರೆ ಹಿಂದೆ ಕೂತು ಕೇಳು, ಹಾಜರಿಯಲ್ಲಿ ಹೆಸರು ಮಾತ್ರ ಹೊಲಿಗೆಯದೇ ಅಂದರು. ಅವಳಿಗೆ ಅಷ್ಟು ಸಾಕಾಗಿತ್ತು.

ಪಾಠ ಹೇಳಲು ಬಂದವನು ಚಲುವರಾಜು, ಮಂಡ್ಯದ ಫಾರಂನಲ್ಲಿ ಕೆಲಸ ಮಾಡಿದ್ದ ಎಳೆಯ ಮೇಷ್ಟ್ರು. ಉಪ್ಪುನೀರಿಗೆ ಬತ್ತ ಸುರಿದು ಜೊಳ್ಳು ತೇಲಿಸಿ ಬೀಜ ಆರಿಸುವುದು, ಹಗ್ಗ ಹಿಡಿದು ಸಾಲಾಗಿ ಪೈರು ನೆಡುವುದು, ಗೊಬ್ಬರಕ್ಕೆ ಹೊಂಗೆಸೊಪ್ಪು ತುಳಿಯುವುದು, ಎಲ್ಲ ಕಲಿಸಿದ. ಶಾಲೆಯ ಗದ್ದೆಯಲ್ಲಿ ಉಳುಮೆಯ ದಿನ ಬಂದಾಗ ಹುಡುಗರೆಲ್ಲ ಒಂದೊಂದು ಸುತ್ತು ಉತ್ತರು. ಹೊಂಬಾಳಮ್ಮ ಲಂಗ ಎತ್ತಿ ಕಟ್ಟಿ ಮುಂದೆ ಬಂದಳು. ಚಲುವರಾಜು ಹಿಂಜರಿದ. "ನಿಮ್ಮೂರಿನವರು ಬಂದು ನನ್ನನ್ನ ಕೇಳ್ತಾರಮ್ಮ."

"ಕೇಳಿದ್ರೆ ನನ್ನ ಹೆಸರು ಹೇಳಿ ಸಾರ್."

ನೇಗಿಲ ಮೇಳಿ ಹಿಡಿದಳು. ನಾಲ್ಕು ಮಾರು ಹೋಗುವುದರೊಳಗೆ ನೇಗಿಲ ಮೊನೆಯ ಕಬ್ಬಿಣದ ಗುಳ ನೆಲ ಬಿಟ್ಟು ಚಿಮ್ಮಿತು. ಕೆಸರಿಗೆ ಮಂಡಿಯೂರಿ ಬಿದ್ದಳು. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಎದ್ದು ಮುಖ ಒರೆಸಿಕೊಳ್ಳದೆ ಮತ್ತೆ ಹಿಡಿದಳು. ಸಾಲು ಸೊಟ್ಟಗೆ ಹೋಯಿತು, ಆದರೆ ಬದುವಿನ ತನಕ ಹೋಯಿತು. ಮುಂದಿನ ವಾರ ನಗುವವರು ಇರಲಿಲ್ಲ.

ಸುದ್ದಿ ಊರು ತಲುಪಲು ತಡವಾಗಲಿಲ್ಲ. ಕರಿಸಿದ್ದಯ್ಯ ಊರಿನ ಯಜಮಾನರನ್ನು ಕಟ್ಟಿಕೊಂಡು ಬಂದು ಜಗುಲಿಯ ಮೇಲೆ ಕೂತ.

"ಎಣ್ಣು ಮೇಳಿ ಮುಟ್ಟಿದ್ರೆ ಮಳೆ ಓಯ್ತದೆ. ನಾಳೆಯಿಂದ ಇವಳು ಇಸ್ಕೂಲು ಬುಡ್ಬೇಕು. ಬುಡ್ಲಿಲ್ಲ ಅಂದ್ರೆ ನಿಮ್ಮ ಗದ್ದೆಗೆ ಯಾರೂ ಮುಯ್ಯಾಳು ಬರಕ್ಕಿಲ್ಲ, ನೀವೂ ಯಾರ ಗದ್ದೆಗೂ ಓಗಂಗಿಲ್ಲ."

"ಕಾಲುವೆ ನೀರಿಗೆ ಉತ್ತೋರು ಗಂಡೋ ಎಣ್ಣೋ ಅಂತ ಗೊತ್ತಾಯ್ತದಾ ದೊಡ್ಡಪ್ಪ?" ಅಂದಳು ಹೊಂಬಾಳಮ್ಮ.

ಅವನು ಕೈ ಎತ್ತಿದ. ಅಷ್ಟರಲ್ಲಿ ಚಿಕ್ಕನಂಜಮ್ಮ ಕೊಟ್ಟಿಗೆಗೆ ಹೋಗಿ ಗಂಡನ ನೊಗ ಹೊತ್ತು ತಂದು ಎಲ್ಲರ ಕಾಲ ಹತ್ತಿರ ದೊಪ್ಪನೆ ಹಾಕಿದಳು. ಒಂದು ವರ್ಷ ತಗ್ಗಿಸಿದ್ದ ತಲೆಯನ್ನು ಅವತ್ತು ಎತ್ತಿದಳು.

"ಇಷ್ಟು ದಿನ ಯಾರು ಬಂದಿದ್ರಿ ಈಗ ಬರದೆ ಇರಕ್ಕೆ? ಬೆಳಿಗ್ಗೆ ಎತ್ತಿಗೆ ಆರು ಕಟ್ತೀವಿ. ತಡಿಯೋರು ಗದ್ದೆತಾವ್ಕೆ ಬನ್ನಿ."

ಬಂದರು. ಬೆಳಗಾಗುತ್ತಲೇ ಬದುವಿನ ತುಂಬ ಜನ. ಅವ್ವ ಮುಂದೆ ಎತ್ತು ಹಿಡಿದಳು, ಮಗಳು ಹಿಂದೆ ಮೇಳಿ. ಕರಿಸಿದ್ದಯ್ಯ ಪಂಚೆ ಎತ್ತಿ ಕೆಸರಿಗಿಳಿದು ಎತ್ತಿನ ದಾರಿಗೆ ಅಡ್ಡ ನಿಂತ. ಹೊಂಬಾಳಮ್ಮ ಮೇಳಿಯನ್ನು ಇನ್ನಷ್ಟು ಒತ್ತಿ ಹಿಡಿದಳು. ಇಲ್ಲಿ ನಿಂತರೆ ಇನ್ನು ಯಾವತ್ತೂ ನಿಂತ ಹಾಗೆಯೇ ಅಂತ ಅವಳಿಗೆ ಅನ್ನಿಸಿತು.

"ಜರುಗು ದೊಡ್ಡಪ್ಪ. ನೀನು ದೊಡ್ಡಪ್ಪ ಅಂತ ಎತ್ತಿಗೆ ತಿಳಿಯಕ್ಕಿಲ್ಲ."

ಎತ್ತು ನಿಲ್ಲಲಿಲ್ಲ. ಕೊಂಬು ಎದೆಯ ಹತ್ತಿರ ಬಂದಾಗ ಕರಿಸಿದ್ದಯ್ಯ ಹಿಂದೆ ಸರಿಯಲು ಹೋಗಿ ಕೆಸರಿನಲ್ಲಿ ಕೂತೇಬಿಟ್ಟ. ಬದುವಿನ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಅವನು ಎದ್ದು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ನಾಟಿಗೆ ನಿಜಕ್ಕೂ ಯಾರೂ ಬರಲಿಲ್ಲ. ಅವ್ವ ಮಗಳು ಇಬ್ಬರೇ ಹಗ್ಗ ಹಿಡಿದು ನೆಡುತ್ತಿದ್ದಾಗ ಕೆಳಗಿನ ಗದ್ದೆಯ ವಿಧವೆ ಪಟ್ಟಲಮ್ಮ ಬದುವಿನ ಮೇಲೆ ಬಂದು ನಿಂತಳು. "ನನ್ನ ಗದ್ದೆ ಉತ್ತುಕೊಡ್ತೀಯೇನವ್ವ? ನಾನು ನಿಮ್ಮಲ್ಲಿ ನೆಡ್ತೀನಿ." ಹೊಂಬಾಳಮ್ಮ ಹಗ್ಗದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟಳು.

ಆ ವರ್ಷ ಮಳೆ ತಡವಾಯಿತು, ಊರೆಲ್ಲ ಇವಳನ್ನು ಬೈದರು. ಆಮೇಲೆ ಸುರಿಯಿತು, ಬಂದ ಮಳೆಯನ್ನು ಮಾತ್ರ ಯಾರೂ ಅವಳ ಪಾಲಿಗೆ ಹಾಕಲಿಲ್ಲ. ಬತ್ತ ಚೆನ್ನಾಗಿಯೇ ಬಂತು. ಗದ್ದೆ ಬಿಟ್ಟುಕೊಡು ಅನ್ನುವ ಮಾತನ್ನು ಕರಿಸಿದ್ದಯ್ಯ ಮತ್ತೆ ಎತ್ತಲಿಲ್ಲ, ಅವರ ಜೊತೆ ಮಾತನ್ನೂ ಆಡಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಹೊಲಿಗೆಯ ಹೆಸರಿನಲ್ಲಿ ಕೂರಬೇಕು ಅಂತ ಶಾಲೆಯವರು ಅಂದರು. "ಇಸ್ಕೂಲಲ್ಲಿ ಕಲೀದಿದ್ದನ್ನ ಕಲಿತೆ ಅಂತ ಯಾಕೆ ಬರೀಲಿ?" ಅಂತ ಅವಳು ಕೂರಲಿಲ್ಲ. ಪಾಸಾಗದೆ ಶಾಲೆ ಬಿಟ್ಟಳು. ಚಲುವರಾಜು ಹಟ ಬಿಡು ಅಂತ ಮನೆಗೇ ಬಂದು ಹೇಳಿ ನೋಡಿದ. ಅವತ್ತು ರಾತ್ರಿ ಅವಳು ಅತ್ತದ್ದು ಅವ್ವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮಳವಳ್ಳಿಯಿಂದ ಹೆಣ್ಣು ನೋಡಲು ಬಂದವರು ಉಳುಮೆ ಬಿಡಬೇಕು ಅಂದಾಗ, "ಊಟ ಮಾಡ್ಕೊಂಡು ಒರಡಿ" ಅಂತ ತಾನೇ ಎಲೆ ಹಾಕಿದಳು.

ನಲವತ್ತೇಳರಲ್ಲಿ ಪಟ್ಟಲಮ್ಮನ ಮಗಳು ಯಶೋದಮ್ಮ ಅದೇ ಹೈಸ್ಕೂಲಿಗೆ ಸೇರಿದಳು. ಅವಳಿಗೂ ಹೊಲಿಗೆ ಅಂದರಂತೆ. ಹೊಂಬಾಳಮ್ಮ ಗದ್ದೆಯಿಂದ ಎದ್ದವಳು ಕಾಲು ತೊಳೆಯದೆ ಮದ್ದೂರಿನ ದಾರಿ ಹಿಡಿದು ಹೋಗಿ ಹೆಡ್‌ಮಾಸ್ತರರ ಕೋಣೆಯಲ್ಲಿ ನಿಂತಳು.

"ಈ ಮಗೀನ ಹೆಸರು ವ್ಯವಸಾಯಕ್ಕೆ ಬರೀರಿ. ಬರೆಯೋ ತನಕ ನಾನು ಇಲ್ಲಿಂದ ಓಗಕ್ಕಿಲ್ಲ."

ಅವರು ಕೂರಲು ಹೇಳಿದರು, ಕೂರಲಿಲ್ಲ. ನೋಡೋಣ ಅಂದರು, ಕದಲಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ಹೆಡ್‌ಮಾಸ್ತರರು ಮಸಿಗೆ ಲೇಖನಿ ಅದ್ದಿದರು. ಅವರು ಪೂರಾ ಹೆಸರು ಬರೆದು ಮುಗಿಸುವವರೆಗೂ ನೋಡುತ್ತಿದ್ದು, ಹೊಂಬಾಳಮ್ಮ ಕೈ ಮುಗಿದು ಹೊರಟಳು. ಅವತ್ತು ಅವಳ ಗದ್ದೆಗೆ ನೀರಿನ ಸರದಿ ಇತ್ತು.