ಫುಮಿಯೆ ಬೀಗಿತ್ತಿಗೆ ಊರು ತೋರಿಸಿದ್ದು

ಸಪ್ಪೊರೊ ನಗರದ ಟ್ರಾಮ್ ಬೀದಿಯಲ್ಲಿ ಕುಮಗಾಯಿ ದಂಪತಿಯ ಕ್ಷೌರದಂಗಡಿ ಇತ್ತು. ಗಂಡ ಸದಾವೊ ಕೂದಲು ಕತ್ತರಿಸುತ್ತಿದ್ದ, ಹೆಂಡತಿ ಫುಮಿಯೆ ಗಡ್ಡ ಹೆರೆಯುತ್ತಿದ್ದಳು. ಸದಾವೊ ಮೂರು ಮಾತಿಗೆ ಒಂದು ಹೂಂ ಅನ್ನುವ ಮನುಷ್ಯ. ಫುಮಿಯೆ ಹಾಗಲ್ಲ. ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಗಿರಾಕಿಯ ಮುಖಕ್ಕೆ ನೊರೆ ಬಳಿದು, ಗಂಟಲ ಮೇಲೆ ಕತ್ತಿ ಇಟ್ಟ ಮೇಲೆಯೇ ಅವಳ ಮಾತು ರಂಗೇರುತ್ತಿದ್ದುದು. ಆ ಸ್ಥಿತಿಯಲ್ಲಿ ಎದುರು ಮಾತಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಉತ್ತರದ ಕಡಲ ದಂಡೆಯ ಬೆಸ್ತರ ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಈ ಅಂಗಡಿಗೆ ಬಂದವಳು ಅವಳು. ಬಂದ ಮರುದಿನವೇ ಕೈಗೆ ಕತ್ತಿ ಬಂತು. ಹತ್ತಿರದ ವಸತಿಗೃಹಗಳಿಂದ ಬರುತ್ತಿದ್ದ ಪರವೂರಿನವರು, "ಅಮ್ಮಾ, ಇಲ್ಲಿ ನೋಡೋಕೆ ಏನಿದೆ?" ಎಂದು ಕೇಳುತ್ತಿದ್ದರು. ಬೆಳಗಿನ ಗಿರಾಕಿ ಕಂಡು ಬಂದದ್ದನ್ನು ಮಧ್ಯಾಹ್ನದ ಗಿರಾಕಿಗೆ ಒಗ್ಗರಣೆ ಹಾಕಿ ಬಡಿಸುವುದನ್ನು ಫುಮಿಯೆ ಬೇಗನೆ ಕಲಿತಳು. ಗಡಿಯಾರದ ಗೋಪುರ ನೋಡಲು ಕತ್ತೆತ್ತಿದರೆ ಟೋಪಿ ಹಿಂದಕ್ಕೆ ಬೀಳುತ್ತದೆ ಎಂದಳು. ಹಿಮದ ಜಾತ್ರೆಯ ಬೊಂಬೆಗಳಿಗೆ ಜೀವ ಒಂದಿಲ್ಲ ಅಷ್ಟೆ ಎಂದಳು. ತಾನು ಮಾತ್ರ ಯಾವುದನ್ನೂ ನೋಡಿರಲಿಲ್ಲ. ಸೋಮವಾರದ ರಜೆ ಬಟ್ಟೆ ಒಗೆಯುವುದಕ್ಕೆ, ಬಾಗಿಲ ಮುಂದಿನ ಹಿಮ ತೆಗೆಯುವುದಕ್ಕೆ, ಉಳಿದರೆ ನಿದ್ದೆಗೆ ಸರಿಹೋಗುತ್ತಿತ್ತು.

ಮಗಳು ಚಿಯಾಕಿಯನ್ನು ದೂರದ ದಕ್ಷಿಣದ ಒಕಿನಾವಾ ದ್ವೀಪಕ್ಕೆ ಕೊಟ್ಟಿದ್ದರು. ಒಂದು ದಿನ ಅವಳ ಫೋನು ಬಂತು.

"ಅಮ್ಮಾ, ನಮ್ಮತ್ತೆ ಹುಟ್ಟಿದಾಗಿಂದ ಹಿಮ ಅಂದ್ರೇನು ಅಂತ ನೋಡಿಲ್ಲ. ಫೆಬ್ರವರೀಲಿ ಬರ್ತಾರಂತೆ. ನಿಂಗೆ ಊರು ತೋರ್ಸೋಕಾಗುತ್ತಾ?"

"ಏನೇ ಹಾಗಂದ್ರೆ? ಈ ಊರಿಗೆ ಬಂದೋರಿಗೆಲ್ಲ ದಾರಿ ಹೇಳೋಳೇ ನಾನು!"

ಸದಾವೊನ ಕತ್ತರಿ ಒಂದು ಕ್ಷಣ ನಿಂತಿತು; ಅವನು ಹೆಂಡತಿಯ ಕಡೆ ನೋಡಿದ ಮೇಲೆ ಮತ್ತೆ ಆಡತೊಡಗಿತು.

ಬೀಗಿತ್ತಿ ಚಿನೆನ್ ತೊಯೊ ವಿಮಾನದಿಂದಿಳಿದು ಬಂದಾಗ, ಮಗನವು ಸೊಸೆಯವು ಎನ್ನದೆ ಮನೆಯಲ್ಲಿದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ಏರಿಸಿದ್ದಳು. ಕೈಗಳು ಕೆಳಗೇ ಇಳಿಯುತ್ತಿರಲಿಲ್ಲ. ರೆಕ್ಕೆ ಬಿಚ್ಚಿದ ಕೋಳಿಯಂತೆ ನಿಂತು ಬಾಗಿ ವಂದಿಸಿದಳು. ಬಾಗಿದವಳನ್ನು ಎತ್ತಿ ನಿಲ್ಲಿಸಲು ಸದಾವೊ ಓಡಿ ಬರಬೇಕಾಯಿತು.

ಮರುದಿನ ಸೋಮವಾರ. ಬೀಗಿತ್ತಿಯರಿಬ್ಬರೂ ಹೊರಟು ಬಾಗಿಲು ದಾಟಿದರೋ ಇಲ್ಲವೋ, ಪಕ್ಕದ ಹೂವಿನಂಗಡಿಯ ಹೊರಿ ಎದುರಾದಳು.

"ಫುಮಿಯೆ ಅವ್ರೇ, ನಿಮ್ಮನೆ ಹಿಮಕ್ಕೆ ಕಾಲು ಬಂದಿದೆಯಾ? ದಿನಾ ನಮ್ಮ ಬಾಗ್ಲಿಗೇ ನಡ್ಕೊಂಡ್ ಬರುತ್ತೆ."

"ಗಾಳಿಗೆ ಬಂದಿರ್ಬೇಕು ಬಿಡಿ! ನಮ್ಮವ್ರು ಅಂಥೋರಲ್ಲ," ಎಂದು ಫುಮಿಯೆ ಮೂಗು ಮೇಲೆತ್ತಿ ನಡೆದಳು.

"ಜಾರದ ಹಾಗೆ ನಡೆಯೋದನ್ನ ನನ್ನ ನೋಡಿ ಕಲೀರಿ. ಪುಟ್ಟ ಪುಟ್ಟ ಹೆಜ್ಜೆ, ಮೈಯೆಲ್ಲ ಮುಂದಕ್ಕೆ..." ಎಂದು ತೊಯೊಗೆ ಹೇಳುತ್ತಲೇ ಬೀದಿಯ ಮೂಲೆಯಲ್ಲಿ ಅವಳೇ ಜಾರಿ ಧೊಪ್ಪೆಂದು ಕೂತಳು.

"ಕೂರೋದೂ ಕಲೀಬೇಕಾ?" ಎಂದು ತೊಯೊ ಭಕ್ತಿಯಿಂದ ಕೇಳಿದಳು.

ಗಡಿಯಾರದ ಗೋಪುರಕ್ಕೆಂದು ಅದೇ ಬೀದಿಯಲ್ಲಿ ಮೇಲೊಂದು ಸಲ ಕೆಳಗೊಂದು ಸಲ ಅಲೆದರು. ಮುಗಿಲು ಮುಟ್ಟುವಂಥದ್ದೇನೂ ಕಾಣಲಿಲ್ಲ. ಕಡೆಗೆ ಫುಮಿಯೆ ಸೋತು ಒಬ್ಬ ಪೊಲೀಸನನ್ನು ಕೇಳಿದಳು. ಅವನು ಕೈ ತೋರಿಸಲಿಲ್ಲ, ಪಕ್ಕಕ್ಕೆ ಸರಿದ, ಅಷ್ಟೆ. ಅವನ ಬೆನ್ನ ಹಿಂದೆ, ದೊಡ್ಡ ದೊಡ್ಡ ಕಟ್ಟಡಗಳ ಕಂಕುಳಲ್ಲಿ, ಕೆಂಪು ಮಾಡಿನ ಒಂದು ಬಿಳಿ ಮರದ ಮನೆ. ಅದರ ನೆತ್ತಿಯ ಮೇಲೊಂದು ಗಡಿಯಾರ.

ಟೋಪಿ ಹಿಂದಕ್ಕೆ ಬೀಳುತ್ತದೆಂದು ತೊಯೊಗೂ ಹೇಳಿಯಾಗಿತ್ತು; ಅವಳು ಕತ್ತೆತ್ತಿ ನೋಡಿದಳು. ಟೋಪಿ ಬೀಳಲಿಲ್ಲ.

"ಚಳಿಗೆ... ಮರ ಕುಗ್ಗುತ್ತೆ," ಎಂದಳು ಫುಮಿಯೆ.

"ಒಳಗೆ ಹೋಗ್ಬಹುದಾ?"

"ಚಳಿಗಾಲದಲ್ಲಿ ಬಿಡಲ್ಲ." ಅಷ್ಟರಲ್ಲಿ ಶಾಲೆಯ ಮಕ್ಕಳ ದೊಡ್ಡದೊಂದು ಗುಂಪು ಅವರ ಮುಂದೆಯೇ ಸಾಲಾಗಿ ಒಳಗೆ ಹೋಯಿತು.

ತೊಯೊ ಮಕ್ಕಳನ್ನು ನೋಡಿದಳು, ಬೀಗಿತ್ತಿಯನ್ನು ನೋಡಿದಳು. "ತಪ್ಪು ತಿಳ್ಕೋಬೇಡಿ ಫುಮಿಯೆ ಅವ್ರೇ. ನೀವು ಇಲ್ಲಿಗೆ ಯಾವಾಗ ಬಂದಿದ್ರಿ?"

ಫುಮಿಯೆಗೆ ಆ ಚಳಿಯಲ್ಲೂ ಕಿವಿ ಬಿಸಿಯಾಯಿತು. ಮುಂದೆ ನೊರೆ ಬಳಿದ ಮುಖವಿಲ್ಲ, ಕೈಯಲ್ಲಿ ಕತ್ತಿಯಿಲ್ಲ. "ಈಗ," ಎಂದಳು.

ತೊಯೊ ಮೊದಲು ಬಾಯಿಗೆ ಕೈ ಅಡ್ಡ ತರಲು ನೋಡಿದಳು. ಸ್ವೆಟರುಗಳು ಬಿಡಲಿಲ್ಲ. ಆಮೇಲೆ ಬಾಯಿ ತೆರೆದೇ ನಕ್ಕಳು. "ನಾನು ಸಮುದ್ರದ ಪಕ್ಕದಲ್ಲೇ ಹುಟ್ಟಿದೋಳು. ನಿಮ್ಮ ಮಗಳನ್ನ ಕೇಳಿ, ಮೊಣಕಾಲಿನವರೆಗೂ ನೀರಿಗೆ ಇಳಿದಿಲ್ಲ. ಉಪ್ಪು ನೀರು, ಯಾರಿಗ್ ಬೇಕು!"

ಅಲ್ಲಿಂದ ಮುಂದೆ ಇಬ್ಬರಿಗೂ ಹಗುರಾಯಿತು. ಜಾತ್ರೆಯಲ್ಲಿ ಹಿಮದ ಅರಮನೆಯ ಮುಂದೆ ನಿಂತು ಬಾಯಿ ಬಿಟ್ಟರು. ಏಡಿಯ ಬಿಸಿ ಸಾರು ಕುಡಿದು ನಾಲಿಗೆ ಸುಟ್ಟುಕೊಂಡರು. ಕಾಲು ಮರಗಟ್ಟಿದಾಗ ಮನೆಗೆಂದು ಟ್ರಾಮ್ ಹತ್ತಿದರು. ಈ ಊರಿನ ಟ್ರಾಮ್ ಗಾಣದೆತ್ತಿನಂತೆ ಸುತ್ತು ಹೊಡೆಯುತ್ತದೆ. ಮಾತಿನ ಭರದಲ್ಲಿ ಫುಮಿಯೆ ಉಲ್ಟಾ ದಿಕ್ಕಿನದಕ್ಕೆ ಹತ್ತಿಸಿದ್ದಳು. ಗೊತ್ತಾದಾಗ ಊರು ತೋರಿಸುವುದಕ್ಕೇ ಹತ್ತಿಸಿದವಳಂತೆ ಕಿಟಕಿಯತ್ತ ಕೈ ತೋರಿಸಿದಳು. ತೊಯೊ ಕಿಟಕಿಯ ಹಬೆ ಒರೆಸಿ ಒರೆಸಿ ನೋಡುತ್ತ, "ಇದೇ ನೋಡಿ ಚೆನ್ನಾಗಿರೋದು! ಬೆಚ್ಚಗಿದೆ, ಜಾರೋದೂ ಇಲ್ಲ," ಎಂದು ಖುಷಿಪಟ್ಟಳು. ಹೀಗೆ ಇಡೀ ಊರು ಸುತ್ತಿ ತಮ್ಮ ಬೀದಿಗೆ ಬರುವಷ್ಟರಲ್ಲಿ ಅವಳು ಕೂಗಿದಳು:

"ಅಲ್ಲಿ ನೋಡಿ, ಬೀಗರು!"

ಅಂಗಡಿಯ ಮುಂದೆ ಸದಾವೊ ಹಿಮ ತೆಗೆಯುತ್ತಿದ್ದ. ಸಲಿಕೆ ತುಂಬ ಹಿಮವೆತ್ತಿ, ಆ ಕಡೆ ನೋಡಿ, ಈ ಕಡೆ ನೋಡಿ, ಹೂವಿನಂಗಡಿಯ ಬಾಗಿಲಿಗೆ ನಾಜೂಕಾಗಿ ಸುರಿದ.

"ಓ, ಗಾಳಿ ಅಂದ್ರೆ ಇದೇನಾ?" ಎಂದು ತೊಯೊ ಕೇಳಿದಳು.

ಫುಮಿಯೆ ಟ್ರಾಮಿನಿಂದಿಳಿದು, ಜಾರುವುದನ್ನೂ ಮರೆತು ಓಡಿದಳು. "ಏನ್ರೀ ಇದು! ಎಷ್ಟು ದಿನದಿಂದ ನಡೀತಿದೆ ಈ ಕೆಲ್ಸ? ನಾನು ಇಡೀ ಬೀದಿ ಮುಂದೆ ನಿಮ್ಮ ಪರವಾಗಿ ಜಗಳ ಆಡ್ಕೊಂಡ್ ಬಂದೆ!"

"ಗೊತ್ತು," ಎಂದ ಸದಾವೊ. "ನೀನು ಚೆನ್ನಾಗಿ ಜಗಳ ಆಡ್ತಿದ್ದೆ. ಅದಕ್ಕೇ ಧೈರ್ಯವಾಗಿ ಹಾಕ್ತಿದ್ದೆ."

ಮದುವೆಯಾದಾಗಿನಿಂದ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಹೂವಿನಂಗಡಿಯ ಗಾಜಿನ ಹಿಂದೆ ಹೊರಿ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳುತ್ತಿದ್ದಳು. ಫುಮಿಯೆ ಗಾಜಿನತ್ತ ತಿರುಗಿ, ತಪ್ಪಾಯಿತೆನ್ನುವಂತೆ, ನೆಲ ಮುಟ್ಟುವ ಹಾಗೆ ಬಾಗಿದಳು.

ಅಷ್ಟರಲ್ಲಿ ತೊಯೊ ಸ್ವೆಟರುಗಳನ್ನು ಒಂದೊಂದಾಗಿ ಕಳಚಿ ಸದಾವೊನ ತೋಳಿಗೆ ಹೇರಿ, ಸಲಿಕೆ ಕಿತ್ತುಕೊಂಡಿದ್ದಳು. "ನಂಗೆ ಕೊಡಿ. ನಾನು ಬಂದಿದ್ದೇ ಇದಕ್ಕೆ." ಮೊದಲ ಸಲಿಕೆ ಎತ್ತಿ ಎಲ್ಲಿ ಹಾಕಬೇಕೆಂದು ತಿಳಿಯದೆ ತನ್ನ ಕಾಲ ಮೇಲೆಯೇ ಹಾಕಿಕೊಂಡಳು. ಫುಮಿಯೆ ಒಳಗಿಂದ ಇನ್ನೊಂದು ಸಲಿಕೆ ತಂದಳು. ಹೊರಿ ತನ್ನದನ್ನು ಹಿಡಿದು ಬಂದಳು. ಮೂವರು ಹೆಂಗಸರೂ ಸೇರಿ ಬೀದಿಯಂಚಿಗೆ ಹಿಮವನ್ನು ಗುಡ್ಡೆ ಹಾಕಿ ಎರಡು ಬಾಗಿಲುಗಳನ್ನೂ ಬಿಡಿಸಿದರು. ತೊಯೊಳ ಮುಖ ಕೆಂಪಗಾಗಿ ತಲೆಯಿಂದ ಹಬೆ ಏಳುತ್ತಿತ್ತು.

ಕೆಲಸ ಮುಗಿದು ಸೊಂಟ ನೆಟ್ಟಗೆ ಮಾಡಿದಾಗ, ಗುಡಿಸಿದಂತಿದ್ದ ನೆಲದ ಮೇಲೆ ಒಂದು ಹಿಮದ ಎಸಳು ಬಿತ್ತು. ಹಿಂದೆಯೇ ಇನ್ನೊಂದು. ನೋಡನೋಡುತ್ತ ಬೀದಿಯ ಆಚೆ ಬದಿಯೇ ಕಾಣದಂತಾಯಿತು. ಹೊರಿ ಹಲ್ಲು ಕಡಿದಳು. ಸದಾವೊ ಸ್ವೆಟರುಗಳ ಹೊರೆಯ ಹಿಂದಿನಿಂದ ನಿಟ್ಟುಸಿರು ಬಿಟ್ಟ.

ತೊಯೊ ಮಾತ್ರ ಆಕಾಶಕ್ಕೆ ಮುಖವೊಡ್ಡಿ ಚಪ್ಪಾಳೆ ತಟ್ಟಿದಳು. "ಅಯ್ಯೋ, ಖಾಲಿಯಾಗೋಯ್ತಲ್ಲ ಅಂತ ಬೇಜಾರಾಗಿತ್ತು ನಂಗೆ!"