ಏಳನೆಯ ಗ್ರೀನಿನ ಗರಿಕೆ

ಬಸ್ಸಿನಿಂದ ಇಳಿಯುವಾಗಲೇ ಅವರ ಯೋಗ್ಯತೆ ತಿಳಿಯುತ್ತಿತ್ತು. ತಮ್ಮ ಚೀಲ ತಾವು ಹೊರಲಾರರು, ತಮ್ಮ ಬೂಟಿನ ದಾರ ಬಗ್ಗಿ ಕಟ್ಟಲಾರರು, ಆದರೆ ಇಳಿದ ಗಳಿಗೆಗೇ ಗಾಳಿ ಯಾವ ಕಡೆಯದು, ನೆಲ ಎಂಥದು ಎಂದು ತೀರ್ಪು ಕೊಡಲು ಶುರು. ಸಮುದ್ರದಿಂದ ದೂರ, ಗುಡ್ಡದ ನಡುವೆ, ಕೆಳಗೊಂದು ಕೆರೆ ಇಟ್ಟುಕೊಂಡ ನಮ್ಮ ಗಾಲ್ಫ್ ಮೈದಾನಕ್ಕೆ ಹೊರಗಿನ ಊರುಗಳಿಂದ ಆಡಲು ಬರುತ್ತಿದ್ದವರ ಮಾತು ಇದು. ಚೆಂಡು ಕುಳಿಗೆ ಬಿದ್ದರೆ ತಮ್ಮ ಕೈಚಳಕ, ಬೀಳದಿದ್ದರೆ ಹುಲ್ಲಿನ ದೋಷ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ಒಬ್ಬಳೇ, ಇವರು ಬಸ್ಸುಗಟ್ಟಲೆ ಬರುತ್ತಿದ್ದರು.

ಆ ನೆಲ ಡೊಂಕಾಗದಂತೆ ನೋಡಿಕೊಳ್ಳುತ್ತಿದ್ದವನ ಕಥೆ ಇದು. ಅವನನ್ನು ಎಲ್ಲರೂ ಗರಿಕೆ ಎಂದೇ ಕರೆಯುತ್ತಿದ್ದರು. ನಾನು ಆಗ ಅಲ್ಲಿ ಪಂಪಿನ ಮನೆಯಲ್ಲಿದ್ದೆ, ಕಂಡದ್ದನ್ನೇ ಹೇಳುತ್ತೇನೆ.

ಒಂಬತ್ತು ಕುಳಿಗಳ ಮೈದಾನ. ಪ್ರತಿ ಕುಳಿಯ ಸುತ್ತ ಚಾಪೆಯಂತೆ ನುಣ್ಣಗೆ ಬೆಳೆಸಿದ ಹುಲ್ಲಿನ ಅಂಗಳ. ಅದಕ್ಕೆ ಗ್ರೀನ್ ಎನ್ನುತ್ತಾರೆ. ಏಳನೆಯ ಗ್ರೀನ್ ಕೆರೆಯ ನೆತ್ತಿಯ ಮೇಲೆ, ಬಂದವರೆಲ್ಲ ಫೋಟೋ ಹೊಡೆಸಿಕೊಳ್ಳುವ ಜಾಗ. ಮೊದಲು ಅಲ್ಲಿ ಹೊರಗಿನಿಂದ ತರಿಸಿದ ಹುಲ್ಲು ಹಾಕಿದ್ದರು. ದೊಡ್ಡ ದೊಡ್ಡ ತಜ್ಞರು ಬಂದು ಹಾಸಿ, ಊಟ ಮಾಡಿ ಹೋದರು. ಹುಲ್ಲು ಒಂದೇ ಬೇಸಿಗೆಗೆ ಸತ್ತಿತು. ಗರಿಕೆ ನನ್ನ ಪಂಪಿನ ಮನೆಯ ಕಾಲುದಾರಿಯಲ್ಲಿ, ತುಳಿದಷ್ಟೂ ತೆಳ್ಳಗೆ ಹಬ್ಬುತ್ತಿದ್ದ ಒಂದು ಹಿಡಿ ಹುಲ್ಲನ್ನು ನೋಡಿದ. ಕಿತ್ತುಕೊಂಡು ಹೋಗಿ ನೆಟ್ಟ. ಗೇಣಿಗೊಂದು ಗೆಣ್ಣು ಊರಿ, ಮೂರು ವರ್ಷದಲ್ಲಿ ಇಡೀ ಏಳನೆಯ ಗ್ರೀನ್ ತುಂಬಿಸಿದ. ಅಲ್ಲಿಂದ ತೆಗೆದು ಒಂಬತ್ತನೆಯದನ್ನೂ ಮಾಡಿದ. ಮಿಕ್ಕ ಏಳು ಗ್ರೀನುಗಳಲ್ಲಿ ಒರಟು ಹುಲ್ಲೇ ಉಳಿಯಿತು. ಇಪ್ಪತ್ತೊಂದು ವರ್ಷ ಏಳನೆಯದರ ಮೇಲೆ ಬೇರೆಯವರ ಕೈ ಬೀಳಲು ಬಿಡಲಿಲ್ಲ. ಅದರ ಮೇಲೆ ಹಸು ನುಗ್ಗಿದ ದಿನ ಅವನು ಅನ್ನ ಮುಟ್ಟಲಿಲ್ಲ. ಅವನ ಹೆಂಡತಿ ಅತಿಥಿಗೃಹದಲ್ಲಿ ಟವೆಲ್ ಒಗೆಯುತ್ತಿದ್ದಳು. "ನಂಗೆ ಸವತಿ ಇದಾಳೆ ಕಣ್ರಿ, ಮೈತುಂಬ ಹಸಿರು ಸೀರೆ," ಎಂದು ಬಾವಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದಳು.

ಒಂಬತ್ತನೆಯ ಗ್ರೀನ್ ಅವಳ ತಮ್ಮನ ಪಾಲಿಗಿತ್ತು. ಅವನು ಹುಲ್ಲು ಸಾಕುವುದನ್ನು ಮೂರು ತಿಂಗಳು ಎಲ್ಲೋ ಕಲಿತು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ್ದ. ಗರಿಕೆಗೆ ಅಕ್ಷರ ಬರುತ್ತಿರಲಿಲ್ಲ. ಬಾಮೈದನನ್ನು ಕಂಡರೆ ಅವನಿಗೆ ಒಂದು ಬಗೆಯ ಉರಿ. "ಹುಲ್ಲಿಗೇನು, ನಿನ್ ಗಾಜು ನೋಡ್ಕೊಂಡು ಬೆಳೆಯುತ್ತಾ?" ಎನ್ನುತ್ತಿದ್ದ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಾನೂ ತಲೆಯಾಡಿಸುತ್ತಿದ್ದೆ.

ಆ ವರ್ಷ ಹೊಸ ಮ್ಯಾನೇಜರ್ ಬಂದ. ಯಾವುದೋ ಹೋಟೆಲಿನಲ್ಲಿ ಹಾಸಿಗೆ ಎಣಿಸುತ್ತಿದ್ದವನು. ಹುಲ್ಲಿನ ಮೇಲೆ ನಡೆದರೆ ಬೂಟು ಒದ್ದೆಯಾಗುತ್ತದೆಂದು ಇಬ್ಬನಿ ಆರುವ ತನಕ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾರೋ ಪ್ರವಾಸಿ ಆಟಗಾರ ಅವನ ಕಿವಿಯೂದಿದ: ದೊಡ್ಡ ಮೈದಾನಗಳಲ್ಲಿ ಗ್ರೀನಿನ ಹುಲ್ಲನ್ನು ಎರಡೂವರೆ ಮಿಲಿಮೀಟರಿಗೆ ಕೊಯ್ಯುತ್ತಾರೆ, ಚೆಂಡು ಗಾಜಿನ ಮೇಲೆ ಓಡಿದಂತೆ ಓಡುತ್ತದೆ, ನಿಮ್ಮಲ್ಲಿ ತೆವಳುತ್ತದೆ. ಅಷ್ಟೇ ಸಾಕಾಯಿತು.

"ನಾಳೆಯಿಂದ ಏಳನೇ ಗ್ರೀನ್ ಎರಡೂವರೆ," ಎಂದ ಮ್ಯಾನೇಜರ್.

"ಈ ಬಿಸಿಲಲ್ಲಿ ಆಗಲ್ಲ ಸಾರ್. ನಾಲ್ಕಕ್ಕಿಂತ ಕೆಳಗೆ ಹೋದ್ರೆ ಬುಡ ಸುಡುತ್ತೆ. ಸತ್ತೋಗುತ್ತೆ."

"ನೋಡಪ್ಪ, ನೀನು ಕೊಯ್ಯೋನು. ಎಷ್ಟು ಕೊಯ್ಬೇಕು ಅನ್ನೋದು ನಂದು. ಆಗಲ್ಲ ಅಂದ್ರೆ ಆಗುತ್ತೆ ಅನ್ನೋರು ಬರ್ತಾರೆ."

ಗರಿಕೆ ಹೊರಟು ಬಂದ. ಮಾರನೆಯ ಬೆಳಗ್ಗೆ ಉದ್ದನೆಯ ಬಿದಿರಿನ ಗಳುವಿನಿಂದ ಇಬ್ಬನಿ ಉದುರಿಸಿ, ಮೆಷಿನ್ನನ್ನು ಎಂದಿನಂತೆ ನಾಲ್ಕಕ್ಕೇ ಇಟ್ಟು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಕೊಯ್ದ. ಆಮೇಲೆ ಕಬ್ಬಿಣದ ರೋಲರ್ ಎಳೆತಂದು ಎರಡು ಸಲ ಹಾಯಿಸಿದ. ಹುಲ್ಲು ಮಲಗಿತು, ನೆಲ ಬಿಗಿಯಾಯಿತು, ಚೆಂಡು ಓಡಿತು. ಬಂದ ಆಟಗಾರರು "ಆಹಾ, ಇದು ಗ್ರೀನ್ ಅಂದ್ರೆ!" ಎಂದು ಬಾಯಿಬಿಟ್ಟರು. ಒಬ್ಬನಂತೂ ಬೂಟಿನ ತುದಿಯಿಂದ ಒತ್ತಿ ನೋಡಿ, ಇದು ಎರಡೂವರೆಯೇ, ಹೆಚ್ಚಿಲ್ಲ ಎಂದು ಸಾರಿದ. ಮ್ಯಾನೇಜರ್ ಬೀಗಿಹೋದ. ಮರದ ಬೋರ್ಡೊಂದನ್ನು ಬರೆಸಿ ಏಳನೆಯದರ ಬದಿಗೆ ನೆಡಿಸಿದ: "ಎರಡೂವರೆ ಮಿಲಿಮೀಟರ್." ಜನ ಕೆರೆಯ ಜೊತೆಗೆ ಬೋರ್ಡಿನದೂ ಫೋಟೋ ಹೊಡೆದುಕೊಂಡರು. ಬಗ್ಗಿ ಹುಲ್ಲು ಮುಟ್ಟಿ ನೋಡಿದವರು ಒಬ್ಬರೂ ಇಲ್ಲ.

ಗರಿಕೆ ಆ ದಿನಗಳಲ್ಲಿ ಒಳಗೊಳಗೇ ಎಷ್ಟು ನಕ್ಕನೋ. ಪಂಪಿನ ಮನೆಗೆ ಬಂದು ಬೀಡಿ ಹಚ್ಚಿ, "ಕತ್ತೆಗೇನು ಗೊತ್ತು ಕಸ್ತೂರಿ," ಎನ್ನುತ್ತಿದ್ದ. ತನ್ನ ಉಪಾಯವನ್ನು ನನಗೂ ಬಾಯಿಬಿಟ್ಟು ಹೇಳಲಿಲ್ಲ. ರೋಲರಿನ ಗುರುತು ಕಂಡು ನಾನೇ ತಿಳಿದುಕೊಂಡೆ, ಸುಮ್ಮನಿದ್ದೆ.

ವಾರ ಕಳೆಯಿತು. ಒಂಬತ್ತನೆಯದು ಆಫೀಸಿನ ಜಗಲಿಯ ಮುಂದೆಯೇ ಇರುವ ಗ್ರೀನ್, ಅದನ್ನೂ ಎರಡೂವರೆಗೆ ಇಳಿಸು ಎಂದು ಬಾಮೈದನಿಗೆ ಹುಕುಂ ಆಯಿತು. ಅವನು ಸಂಜೆ ಗರಿಕೆಯ ಮನೆಗೆ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಭಾವ, ನಿಮ್ಮ ಏಳಕ್ಕೆ ನಿಜವಾಗ್ಲೂ ಎರಡೂವರೆನಾ?"

"ಬೋರ್ಡಲ್ಲಿ ಬರ್ದಿಲ್ವೇನೋ? ಓದೋಕೆ ಬರೋನು ನೀನು."

"ಅಲ್ಲ ಭಾವ, ನಮಗೆ ಪಾಠದಲ್ಲಿ ಬೇಸಿಗೇಲಿ ಅಷ್ಟು ಇಳಿಸಬೇಡಿ ಅಂದಿದ್ರು..."

"ಹಾಗಾದ್ರೆ ನಿನ್ನ ಗಾಜಿನ ಕಾಗದ ಕೇಳು. ನನ್ನನ್ಯಾಕೆ ಕೇಳ್ತೀಯ?"

ಹುಡುಗ ಕೆಂಪಗಾಗಿ ಎದ್ದು ಹೋದ. ಅವನ ಪಾಠ ಸರಿಯಾಗಿಯೇ ಇತ್ತು. ಭಾವನ ಗ್ರೀನ್ ಕಣ್ಣೆದುರು ಹಸಿರಾಗಿದ್ದುದರಿಂದ ಪಾಠದ ಮೇಲೇ ಸಂಶಯಪಟ್ಟ. ಮಾರನೆಯ ದಿನ ಎರಡೂವರೆಗೆ ಇಳಿಸಿದ. ಒಣಗಾಳಿ ಐದು ದಿನ ಬೀಸಿತು. ಆರನೆಯ ದಿನ ಒಂಬತ್ತನೆಯ ಗ್ರೀನ್ ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತು. ಬೆರಳು ಹಾಕಿದರೆ ಬುಡಸಮೇತ ಕೈಗೆ ಬರುತ್ತಿತ್ತು.

ಮ್ಯಾನೇಜರ್ ಜಗಲಿಯ ಮೇಲಿಂದಲೇ ಹುಡುಗನ ಮೇಲೆ ಕೂಗಾಡಿದ. ಏಳು ಬದುಕಿದೆ, ಒಂಬತ್ತು ಸತ್ತಿದೆ, ಅಂದಮೇಲೆ ತಪ್ಪು ನಿನ್ನದೇ. ಇನ್ನು ಐದು ವಾರಕ್ಕೆ ನಲವತ್ತು ಜನ ಆಟಗಾರರು ಬರುತ್ತಾರೆ. ಅಷ್ಟರಲ್ಲಿ ಇದು ಹಸಿರಾಗಿರಬೇಕು, ಇಲ್ಲವಾದರೆ ಕೆಲಸವನ್ನೂ ಮನೆಯನ್ನೂ ಬಿಡು. ಆ ಹುಲ್ಲು ಬೀಜದಿಂದ ಬರುವಂಥದಲ್ಲ. ಗೆಣ್ಣು ಊರಿದರೆ ಐದು ವಾರ ಎಲ್ಲಿಗೆ ಸಾಲುತ್ತದೆ? ಮಣ್ಣುಸಮೇತ ಹಾಳೆಹಾಳೆಯಾಗಿ ಎತ್ತಿ ತಂದು ಹಾಸಬೇಕು. ಎತ್ತಲು ಇದ್ದದ್ದು ಒಂದೇ ಜಾಗ.

ಆ ಮಧ್ಯಾಹ್ನ ಗರಿಕೆಯ ಹೆಂಡತಿ ಒದ್ದೆ ಕೈಯಲ್ಲೇ ಏಳನೆಯ ಗ್ರೀನಿಗೆ ಬಂದಳು. ಗರಿಕೆ ರೋಲರ್ ಎಳೆಯುತ್ತಿದ್ದ, ನಾನು ಪಕ್ಕದಲ್ಲೇ ನೀರಿನ ಪೈಪು ಸರಿಮಾಡುತ್ತಿದ್ದೆ. ಹುಲ್ಲಿನ ಮೇಲೆ ಚಪ್ಪಲಿಕಾಲು ಇಟ್ಟು ನಿಂತಳು.

"ನೀವು ಅವನಿಗೆ ಹೇಳಿದ್ರೇನ್ರೀ, ಹೇಗೆ ಕೊಯ್ತೀರಿ ಅಂತ?"

"ಚಪ್ಪಲಿ ಬಿಡೇ."

"ಬಿಡಲ್ಲ. ಹೇಳಿದ್ರಾ, ಇಲ್ವಾ?"

"ಅವನು ಓದಿದೋನು..."

"ಆ ಮ್ಯಾನೇಜರ್ ನಿಮ್ಮನ್ನ ಹುಲ್ಲು ಕೊಯ್ಯೋನು ಅಂದ. ನೀವು ನನ್ನ ತಮ್ಮನ್ನ ಕಾಗದದೋನು ಅಂದ್ರಿ. ನೀವೂ ಆ ಮ್ಯಾನೇಜರೂ ಒಂದೇ ಗಾಣದ ಎತ್ತು. ಅವನಿಗೆ ಟೈ ಇದೆ, ನಿಮಗಿಲ್ಲ, ಅಷ್ಟೇ."

ಇಷ್ಟು ದಿನ ಅವನ ಜೊತೆ ಬೀಡಿ ಸೇದಿ ಮೆಚ್ಚುತ್ತಿದ್ದ ನನಗೂ ಆ ಮಾತು ತಾಗಿತು. ಆಟಗಾರರನ್ನೂ ಮ್ಯಾನೇಜರನನ್ನೂ ಎಷ್ಟು ಕೀಳಾಗಿ ಕಂಡರೂ ಕಡಿಮೆಯೇ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಕೇಳಲು ಬಂದ ಮನೆಯ ಮಗನ ಮುಂದೆ ಬಾಯಿ ಬಿಗಿದುಕೊಂಡದ್ದೂ ಅವರಂಥದೇ ಕೊಬ್ಬು. ಗರಿಕೆ ರೋಲರಿನ ಹಿಡಿಕೆ ಕೆಳಗಿಟ್ಟ. ಆಮೇಲೆ ಸೀದಾ ಆಫೀಸಿಗೆ ಹೋದ. ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಸಾರ್, ಏಳನೇದನ್ನ ನಾನು ಎರಡೂವರೆಗೆ ಕೊಯ್ದೇ ಇಲ್ಲ. ನಾಲ್ಕಕ್ಕೆ ಕೊಯ್ದು ರೋಲರ್ ಎಳ್ದೆ. ಹುಡುಗಂದು ತಪ್ಪಿಲ್ಲ."

ಮ್ಯಾನೇಜರ್ ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಮತ್ತೆ ಬೋರ್ಡು?"

"ಬೋರ್ಡು ನಿಮ್ಮದು ಸಾರ್. ಹುಲ್ಲು ನಂದು."

"ಯಾರಿಗಾದ್ರೂ ಹೇಳಿದೀಯಾ ಇದನ್ನ?" ಎಂದ ಮ್ಯಾನೇಜರ್, ದನಿ ತಗ್ಗಿಸಿ. ಅವನಿಗೆ ಹೆದರಿಕೆ ಸತ್ತ ಹುಲ್ಲಿನದಲ್ಲ, ಬೋರ್ಡಿನದು. ಫೋಟೋಗಳು ಆಗಲೇ ಎಲ್ಲೆಲ್ಲೋ ಹೋಗಿದ್ದವು.

"ಏಳನ್ನ ಎತ್ತಿ ಒಂಬತ್ತಕ್ಕೆ ಹಾಸ್ತೀನಿ. ಹುಡುಗನ್ನ ಕೆಲಸದಿಂದ ಬಿಡಿಸಬೇಡಿ. ನಾನೂ ಯಾರಿಗೂ ಹೇಳಲ್ಲ."

ಮರುದಿನ ಬೆಳಗಾಗುತ್ತಲೇ ಗರಿಕೆ ಚಪ್ಪಟೆ ಸಲಿಕೆ ಹಿಡಿದು ಮೊಳದಗಲದ ಹಾಳೆಗಳನ್ನು ಎತ್ತತೊಡಗಿದ. ಬಾಮೈದ ಕೈಗಾಡಿಯಲ್ಲಿ ಸಾಗಿಸಿದ. ನಾಲ್ಕು ದಿನದಲ್ಲಿ ಏಳನೆಯ ಗ್ರೀನ್ ಬೋಳುಮಣ್ಣಾಯಿತು. ಅಂಚಿನಲ್ಲಿ ಎರಡು ಪಟ್ಟಿ ಮಾತ್ರ ಉಳಿದವು. ಗರಿಕೆ ಅತ್ತನೋ ಇಲ್ಲವೋ ಹೇಳಲಾರೆ. ಬೆವರು ತುಂಬ ಇತ್ತು.

ನಲವತ್ತು ಜನ ಬಂದರು. ಒಂಬತ್ತು ಹಸಿರಾಗಿತ್ತು. ಏಳನೆಯದರ ಕುಳಿಯನ್ನು ಕೆಳಗಿನ ಒರಟು ಹುಲ್ಲಿನಲ್ಲಿ ತಾತ್ಕಾಲಿಕವಾಗಿ ತೋಡಿದ್ದೆವು. ಇಪ್ಪತ್ತೊಂದು ವರ್ಷದ ದುಡಿಮೆ ಇಲ್ಲವಾಗಿರುವುದನ್ನು ನಲವತ್ತರಲ್ಲಿ ಒಬ್ಬನೂ ಗಮನಿಸಲಿಲ್ಲ. ಬೋಳುಮಣ್ಣಿಗೆ ಬೆನ್ನು ಹಾಕಿ ನಿಂತು ಕೆರೆಯ ಫೋಟೋ ಹೊಡೆದರು, ಎಂಥ ರಮಣೀಯ ಜಾಗ ಎಂದರು, ಬಸ್ಸು ಹತ್ತಿದರು. ಇಂಥವರಿಗಾಗಿ!

ಮ್ಯಾನೇಜರ್ ತನ್ನ ಸೇಡು ತೀರಿಸಿಕೊಳ್ಳದೆ ಬಿಡಲಿಲ್ಲ. ಗರಿಕೆಯನ್ನು ಒಂಬತ್ತಕ್ಕೆ ಹಾಕಿ, ಏಳನೆಯದನ್ನು ಹೊಸದಾಗಿ ಬೆಳೆಸುವ ಕೆಲಸವನ್ನು ಬಾಮೈದನಿಗೆ ವಹಿಸಿದ. ಮೊದಲ ದಿನ ಹುಡುಗ ಉಳಿದ ಪಟ್ಟಿಯಿಂದ ಗೆಣ್ಣು ಕಿತ್ತು ಬುಟ್ಟಿಗೆ ತುಂಬಿಕೊಂಡು, ಮಣ್ಣಿನ ನಡುವೆ ನಿಂತು ಕೂಗಿದ:

"ಭಾವಾ, ಎಷ್ಟು ದೂರಕ್ಕೆ ನೆಡೋದು?"

ಗರಿಕೆ ಒಂಬತ್ತರ ಕೆಲಸ ಬಿಟ್ಟು ಏರು ಹತ್ತಿ ಬಂದ. ಬುಟ್ಟಿ ಇಸಿದುಕೊಂಡು ಮೊಣಕಾಲೂರಿ ಕೂತ.

"ಕೂಗಿ ಕೇಳಿದ್ರೆ ಗೊತ್ತಾಗಲ್ಲ ಕಣೋ ಕೋಣ. ಬಗ್ಗು ಇಲ್ಲಿ. ಗೇಣು ಹಾಕು. ಹಾಂ, ಇಷ್ಟು. ಗೆಣ್ಣಿನ ಕಣ್ಣು ಮೇಲಕ್ಕಿರಲಿ."