ಮೂವತ್ತನಾಲ್ಕು ಕೋವಿಗಳಲ್ಲಿ ಮೂರು

1986ರಲ್ಲಿ ನಾನು ಪುತ್ತೂರಿನ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ಸಹಾಯಕನಾಗಿದ್ದೆ. ವಯಸ್ಸು ಇಪ್ಪತ್ತಮೂರು. ಆ ಫೆಬ್ರವರಿಯಲ್ಲಿ ಬೆಳ್ಳಾರೆಯ ಹತ್ತಿರ ಬ್ರಿಟಿಷರ ಕಾಲದ ಯುದ್ಧದ ಟೆಲಿವಿಷನ್ ಧಾರಾವಾಹಿಯೊಂದರ ಶೂಟಿಂಗ್ ನಡೆಯುತ್ತಿತ್ತು. ನಕಲಿ ಕೋವಿಗಳು ಸಾಲದೆ ಊರಿನವರಿಂದ ನಿಜವಾದವನ್ನೂ ಕೇಳಿ ತಂದಿದ್ದರು. ಎಲ್ಲಕ್ಕೂ ಒಂದೇ ಕಪ್ಪು ಬಣ್ಣ ಬಳಿದ ಮೇಲೆ ಯಾವುದು ಯಾವುದೆಂದು ಅವರಿಗೇ ಗೊತ್ತಾಗಲಿಲ್ಲ. ಬೇರ್ಪಡಿಸಿ ಕೊಡಲು ಅಂಗಡಿಯ ಧನಿಗಳು ನನ್ನನ್ನು ಕಳುಹಿಸಿದರು.

11ನೇ ತಾರೀಕು, ಮಂಗಳವಾರ. ಒಟ್ಟು ಮೂವತ್ತನಾಲ್ಕು ಕೋವಿಗಳಿದ್ದವು. ಕೈಗೆತ್ತಿಕೊಂಡಾಗಲೇ ಮರದವು ತಿಳಿದವು: ಇಪ್ಪತ್ತಮೂರು. ನೀರಿನ ಪೈಪು ಜೋಡಿಸಿದವು ಎಂಟು. ಉಳಿದ ಮೂರರಲ್ಲಿ, ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಜಾಗದ ಸುತ್ತ ಕಬ್ಬಿಣ ಸುಟ್ಟು ಗುಳಿಬಿದ್ದಿತ್ತು. ಮದ್ದು ಸಿಡಿದ ಕೋವಿಗೆ ಮಾತ್ರ ಆ ಗುರುತು ಇರುತ್ತದೆ. ಅವು ನಿಜ.

ಸೈನಿಕರ ಕೆಂಪು ಕೋಟುಗಳನ್ನು ಹೊಲಿದ ಬೆಳ್ಳಾರೆಯ ಟೈಲರ್ ಐತ್ತಪ್ಪ ತಾನೂ ಒಂದು ಕೋಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ.

"ಎಂತ ಮಾರಾಯ್ರೆ, ಮರದ ಕೋವಿಗೂ ಜ್ವರ ನೋಡುದಾ?" ಎಂದ. ನಾನೂ ನಕ್ಕೆ.

ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ತೆಂಗಿನ ನಾರು, ಸೀಸದ ಚರೆ ತುಂಬಿಸಿ ಸಲಾಕೆಯಿಂದ ಜಡಿಯುತ್ತಾರೆ. ಒಳಗೆ ಏನಾದರೂ ಇದೆಯೇ ಎಂದು ತಿಳಿಯಲು ಸಲಾಕೆ ತಳದವರೆಗೆ ಇಳಿಯುತ್ತದೆಯೇ ಎಂದು ಅಳೆಯಬೇಕು. ಎರಡು ಕೋವಿಗಳನ್ನು ಅಳೆದೆ, ಖಾಲಿ. ಮೂರನೆಯದು ಅರಂತೋಡಿನ ಕುಶಾಲಪ್ಪ ಗೌಡರದು. ಅದರ ಸಲಾಕೆ ಮನೆಯಲ್ಲೇ ಉಳಿದಿತ್ತು. ಉಳಿದೆರಡರ ಸಲಾಕೆಗಳು ಅದಕ್ಕೆ ಗಿಡ್ಡ.

"ಕೇಪು ತೆಗ್ದಿದ್ದೇನೆ, ಹೆದ್ರುದು ಬೇಡ" ಎಂದರು ಕೋವಿಯ ಜೊತೆ ಬಂದಿದ್ದ ಗೌಡರು.

ನಮ್ಮ ಕಡೆ ಹಂದಿ ಬಂದಾಗ ತಡವಾಗಬಾರದೆಂದು ಕೋವಿಯನ್ನು ತುಂಬಿಸಿಯೇ ಗೋಡೆಗೆ ತೂಗುಹಾಕುತ್ತಾರೆ. ಕೇಪು ಮಾತ್ರ ಬೇರೆ ಡಬ್ಬಿಯಲ್ಲಿ. ಕೇಪು ಇಲ್ಲದ ಕೋವಿಗೆ ಯಾರೂ ಹೆದರುವುದಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಶಬ್ದಕ್ಕಾಗಿ ಮೂರಕ್ಕೂ ಬರೀ ಕೇಪು ಹಾಕಿ ಹೊಡೆಯಬಹುದೇ ಎಂದು ಶೂಟಿಂಗಿನವರು ಕೇಳಿದರು. ಬಸ್ಸಿಗೆ ಹೊತ್ತಾಗಿತ್ತು. "ಮೂರು ನಿಜ. ಅಪಾಯವಿಲ್ಲ" ಎಂದು, ಮೂರನೆಯದನ್ನು ಅಳೆಯದೆಯೇ, ಬರೆದು ಸಹಿ ಹಾಕಿ ಕೊಟ್ಟೆ.

ಮರುದಿನ ಹನ್ನೊಂದೂವರೆಗೆ ಅಂಗಡಿಗೆ ಫೋನ್ ಬಂತು. ಗೌಡರ ಕೋವಿ ಸಿಡಿದು ಚರೆ ಐತ್ತಪ್ಪನ ಮುಖಕ್ಕೆ ಬಡಿದಿತ್ತು. ಫೋನಿಟ್ಟು, ಕೈಯಲ್ಲಿದ್ದ ಕೋವಿಯ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿದೆ.

ಪೊಲೀಸರ ಮುಂದೆಯೂ ಗೌಡರು ಕೇಪು ತೆಗೆದಿದ್ದೆ ಎಂದೇ ಹೇಳಿದರು. ಅಳೆಯಲಿಲ್ಲವೆಂದು ನಾನು ಹೇಳಿದೆ. ಗೌಡರ ಲೈಸೆನ್ಸ್ ಹೋಯಿತು. ನನ್ನನ್ನು ಎಚ್ಚರಿಸಿ ಬಿಟ್ಟರು.

ಒಂಬತ್ತನೆಯ ದಿನ ಪುತ್ತೂರಿನ ಆಸ್ಪತ್ರೆಗೆ ಹೋದೆ. ಐತ್ತಪ್ಪನ ಎಡಗಣ್ಣು ತೆಗೆದಿದ್ದರು. ಬಲಗಣ್ಣಿನ ಮೇಲೂ ಬಟ್ಟೆ ಕಟ್ಟಿತ್ತು. ಅದು ಉಳಿಯುತ್ತದೋ ಇಲ್ಲವೋ ಡಾಕ್ಟರು ಹೇಳಿರಲಿಲ್ಲ. ಸ್ವರದಿಂದಲೇ ಗುರುತು ಹಿಡಿದ.

"ಸಲಾಕೆ ಹಾಕ್ಲಿಲ್ವಾ ನೀವು?"

"ಇಲ್ಲ."

"ನಮ್ಮಲ್ಲಿಯೂ ತುಂಬಿಸಿಯೇ ಇಡುದು. ನಾನು ಅಲ್ಲೇ ನಿಂತಿದ್ದೆ. ನನಗೂ ನೆನಪಾಗ್ಲಿಲ್ಲ ನೋಡಿ."

ತಂದಿದ್ದ ಕಿತ್ತಳೆ ಇಟ್ಟು ಬಂದೆ. ಬಲಗಣ್ಣು ಉಳಿಯಿತು. ಈಗ ಸೂಜಿಗೆ ನೂಲು ಪೋಣಿಸುವುದು ಅವನ ಹೆಂಡತಿ.

ಮೂರು ವರ್ಷವಾಯಿತು. ನಿಜವಾದ ಕೋವಿಯನ್ನು ಗುರುತಿಸುವುದು ಕಷ್ಟವಲ್ಲ, ಅಂದು ಮೂರನ್ನೂ ನಾನು ಸರಿಯಾಗಿಯೇ ಗುರುತಿಸಿದ್ದೆ. ಕೋವಿಯ ಬಗ್ಗೆ ಅದರ ಧನಿ ಹೇಳುವುದು ತನ್ನ ಮನೆಯ ಅಭ್ಯಾಸವನ್ನು. ಒಳಗೇನಿದೆ ಎಂದು ಅಳೆದು ನೋಡುವುದು ನನ್ನ ಕೆಲಸವಾಗಿತ್ತು. ಈಗ ಅಂಗಡಿಗೆ ಬರುವ ಪ್ರತಿ ಕೋವಿಗೂ ಮೊದಲು ಸಲಾಕೆ ಇಳಿಸುತ್ತೇನೆ. ಈವರೆಗೆ ನೂರಾ ಹದಿನೆಂಟು. ತುಂಬಿದ್ದವು ಒಂಬತ್ತು. ಒಂಬತ್ತರ ಧನಿಗಳೂ ಕೇಪು ತೆಗೆದಿದ್ದೇನೆ ಎಂದೇ ಹೇಳಿದ್ದರು.